ಹಸಿರು ತ್ರಿಕೋನದ ಔಷಧಿ, ಹೆಣ್ಣುಮಕ್ಕಳ ಥೈರಾಯ್ಡ್

ಟೊಮೆಟೊ ತೋಟದಲ್ಲಿ ಔಷಧಿ ಹೊಡೆಯೋರು ಹೆಚ್ಚಾಗಿ ಗಂಡಸರು. ಹಾಗಾಗಿ ಅಪಾಯವೂ ಅವರಿಗೇ ಅಂತ ಅಂದುಕೊಂಡುಬಿಟ್ಟಿದ್ದೀವಿ. ಸ್ವಲ್ಪ ಯೋಚಿಸಿ ನೋಡಿ. ಡ್ರಮ್ಮಿಗೆ ನೀರು ತುಂಬಿ, ಪುಡಿ ಸುರಿದು ಕಲಸಿಕೊಡೋದು ಯಾರು? ಮಾರನೇ ದಿನ ಅದೇ ಸಾಲಿನಲ್ಲಿ ಬರಿಗೈಯಲ್ಲಿ ಗಿಡ ಎತ್ತಿ ದಾರ ಕಟ್ಟೋದು, ಹಣ್ಣು ಕೀಳೋದು ಯಾರು? ಔಷಧಿಯಲ್ಲಿ ನೆನೆದ ಪ್ಯಾಂಟು ಒಗೆಯೋದು ಯಾರು? ಪಂಪು ಹೊತ್ತವರ ಕೆಲಸ ಒಂದೆರಡು ಗಂಟೆಯದು. ಎಲೆಗೆ ಕೈ ತಾಗಿಸೋ ಈ ಕೆಲಸ ದಿನವಿಡೀ ನಡೆಯುತ್ತೆ.

ಈ ವಾರ ಒಂದೇ ಔಷಧಿ ಇಟ್ಟುಕೊಂಡು ಮಾತಾಡೋಣ: ಮ್ಯಾಂಕೋಜೆಬ್. ಅಂಗಡಿಯಲ್ಲಿ ‘ಎಂ-45’ ಅಂತ ಕೇಳ್ತೀವಲ್ಲ, ಅದೇ ಹಳದಿ ಪುಡಿ. ಟೊಮೆಟೊ, ಆಲೂಗೆಡ್ಡೆಯ ಅಂಗಮಾರಿಗೆ ಬಳಸದ ರೈತರು ಕಡಿಮೆ. ಪ್ಯಾಕೆಟ್ ಮೇಲೆ ಹಸಿರು ತ್ರಿಕೋನ ಇರುತ್ತೆ. ಹಸಿರು ಅಂದ್ರೆ ಏನೂ ಆಗಲ್ಲ ಅಂತ ಅರ್ಥ ಅಲ್ಲ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಹೇಳೋದು ಒಂದೇ ಸಲಕ್ಕೆ ದೇಹ ಸೇರಿದರೆ ಅದು ಎಷ್ಟು ವಿಷ ಅನ್ನೋದನ್ನ ಮಾತ್ರ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತಾಗಿದರೆ ಹಾರ್ಮೋನಿಗೆ ಏನಾಗುತ್ತೆ ಅನ್ನೋದು ಆ ಬಣ್ಣದಲ್ಲಿ ಇಲ್ಲ.

ಮ್ಯಾಂಕೋಜೆಬ್ ಒಡೆದಾಗ ಇಟಿಯು (ಎಥಿಲೀನ್ ಥಯೋಯೂರಿಯಾ) ಎಂಬ ವಸ್ತು ಉಂಟಾಗುತ್ತದೆ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಅಯೋಡಿನ್ ಬಳಸಿ ಹಾರ್ಮೋನ್ ತಯಾರಿಸುವ ಕೆಲಸಕ್ಕೆ ಇದು ಅಡ್ಡಿಮಾಡುತ್ತದೆ. ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ 16,000ಕ್ಕೂ ಹೆಚ್ಚು ರೈತ ಮಹಿಳೆಯರನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮ್ಯಾಂಕೋಜೆಬ್ ಅಥವಾ ಅದೇ ಗುಂಪಿನ ಮ್ಯಾನೆಬ್ ಬಳಸಿದವರಲ್ಲಿ ಥೈರಾಯ್ಡ್ ಕಾಯಿಲೆ ಹೆಚ್ಚಾಗಿ ಕಂಡುಬಂತು. ಇದು ಸಂಬಂಧ ಅಷ್ಟೇ, ಔಷಧಿಯಿಂದಲೇ ಬಂತು ಅನ್ನೋದಕ್ಕೆ ಸಾಕ್ಷಿಯಲ್ಲ. ಆದರೂ ಹಾರ್ಮೋನ್ ಏರುಪೇರು ಮಾಡುವ ಗುಣವನ್ನೂ ಪರಿಗಣಿಸಿ ಯುರೋಪ್ ಒಕ್ಕೂಟ 2020ರಲ್ಲಿ ಇದರ ಅನುಮತಿಯನ್ನು ನವೀಕರಿಸಲಿಲ್ಲ.

ಹಾಗಾದ್ರೆ ಎಷ್ಟು ತಾಗಿದೆ ಅಂತ ತಿಳಿಯೋದು ಹೇಗೆ? ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್ ಥರದ ಕೀಟನಾಶಕಗಳಿಗೆ ಕೋಲಿನೆಸ್ಟರೇಸ್ ಎಂಬ ರಕ್ತ ಪರೀಕ್ಷೆ ಇದೆ. ಆದರೆ ಈ ಮಟ್ಟ ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಂಗಾಮು ಶುರುವಾಗೋ ಮೊದಲೇ ಒಮ್ಮೆ ಮಾಡಿಸಿಟ್ಟುಕೊಂಡರೆ ಮಾತ್ರ ಆಮೇಲಿನ ಅಂಕಿಗೆ ಅರ್ಥ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಔಷಧಿ ಕೆಲಸದವರ ಮಟ್ಟ ಮೊದಲಿನ 80%ಗಿಂತ ಕೆಳಗಿಳಿದರೆ ಮಾಲೀಕ ಕೆಲಸದ ವಿಧಾನವನ್ನೇ ಪರಿಶೀಲಿಸಬೇಕು ಅಂತ ನಿಯಮ ಇದೆ. ಮ್ಯಾಂಕೋಜೆಬ್ ತಾಗಿದ್ದು ಮಾತ್ರ ಈ ಪರೀಕ್ಷೆಯಲ್ಲಿ ಗೊತ್ತಾಗಲ್ಲ.

ಅದಕ್ಕೇ ಫೋನ್ ಬೇಕಾಗೋದು. ಪ್ರತಿ ಸಲ ಔಷಧಿ ಹೊಡೆದಾಗ ಪ್ಯಾಕೆಟ್ಟಿನ ಎರಡೂ ಬದಿ ಫೋಟೋ ತೆಗೆಯಿರಿ. ದಿನಾಂಕ, ಎಷ್ಟು ಹಾಕಿದ್ದು, ಕಲಸಿದ್ದು ಯಾರು, ಎಷ್ಟು ಗಂಟೆ ಬಿಟ್ಟು ಯಾರ್‍ಯಾರು ತೋಟಕ್ಕೆ ಇಳಿದರು, ಇಷ್ಟು ಬರೆದರೆ ಸಾಕು. ಕೂಲಿಗೆ ಬರೋ ಅಕ್ಕಂದಿರನ್ನೂ ಬಿಡಬೇಡಿ. ಮುಟ್ಟಿನ ದಿನಾಂಕ ಬರೆದಿಡೋದು ಅವರವರ ಇಷ್ಟ, ಅವರವರ ಫೋನಿನಲ್ಲಿ.

ಸುಸ್ತು ಹೋಗ್ತಾನೇ ಇಲ್ಲ, ತಿನ್ನೋದು ಅಷ್ಟೇ ಆದರೂ ಮೈ ದಪ್ಪ ಆಗ್ತಿದೆ, ಎಲ್ಲರಿಗಿಂತ ಹೆಚ್ಚು ಚಳಿ, ಕೂದಲು ಉದುರೋದು, ಮುಟ್ಟು ಏರುಪೇರು ಅಥವಾ ವಿಪರೀತ ರಕ್ತಸ್ರಾವ, ಮಗು ಆಗೋದು ತಡ: ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇದ್ದರೆ ಡಾಕ್ಟರ ಹತ್ತಿರ ಟಿಎಸ್‌ಎಚ್ ರಕ್ತ ಪರೀಕ್ಷೆ ಕೇಳಿ. ‘ಹೊಲದ ಕೆಲಸ, ಸುಸ್ತು ಇದ್ದದ್ದೇ’ ಅಂತ ಮನೆಯಲ್ಲೇ ತೀರ್ಮಾನ ಮಾಡೋದು ಬೇಡ. ಫೋನಿನ ಆ ಪಟ್ಟಿಯನ್ನೂ ತೋರಿಸಿ. ಡಾಕ್ಟರೇ ಕೆಲಸದ ಬಗ್ಗೆ ಕೇಳಲಿ ಅಂತ ಕಾಯಬೇಡಿ.

ಥೈರಾಯ್ಡ್ ಹಾರ್ಮೋನ್ ಕಡಿಮೆ ಇದ್ದರೆ ಕಾರಣ ಯಾವುದೇ ಇರಲಿ, ಸಾಮಾನ್ಯವಾಗಿ ಕೊಡೋದು ಲೆವೊಥೈರಾಕ್ಸಿನ್ ಮಾತ್ರೆ. ನಮ್ಮ ಕಡೆ ಎಡವಟ್ಟಾಗೋದು ಇಲ್ಲೇ: ಎದ್ದ ತಕ್ಷಣ ಟೀ ಜೊತೆಗೇ ನುಂಗಿ ತೋಟಕ್ಕೆ ಓಡ್ತಾರೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಂಡು, ಟೀ, ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಲಿ. ಆರರಿಂದ ಎಂಟು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಮಾಡ್ತಾರೆ. ಹುಷಾರಾಯ್ತು ಅಂತ ತಾವೇ ನಿಲ್ಲಿಸಬಾರದು. ಗರ್ಭ ನಿಂತರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು, ಆಗ ಮಾತ್ರೆ ಪ್ರಮಾಣ ಹೆಚ್ಚಿಸಬೇಕಾಗಬಹುದು.

ಮಾತ್ರೆ ಶುರುಮಾಡಿ ಹಳೇ ಥರಾನೇ ಬರಿಗೈಯಲ್ಲಿ ಪುಡಿ ಕಲಸಿದರೆ ಏನು ಬಂತು? ಹೆಚ್ಚು ತಾಗೋದು ಪ್ಯಾಕೆಟ್ ಒಡೆದು ಸುರಿಯೋ ಹೊತ್ತಿಗೆ. ಗಾಳಿಗೆ ಬೆನ್ನು ಕೊಟ್ಟು ನಿಂತು, ಕೈಗೆ ನೈಟ್ರೈಲ್ ಗ್ಲೌಸ್, ಮೂಗಿಗೆ ಸರಿಯಾದ ಮಾಸ್ಕ್ ಹಾಕಿ ಕಲಸಿ. ಸೆರಗು ಮಾಸ್ಕ್ ಅಲ್ಲ. ಬಸುರಿಯರಿಗೆ, ಎಳೆ ಮಗುವಿನ ತಾಯಂದಿರಿಗೆ ಕಲಸೋ ಕೆಲಸ ಬೇಡ. ಹೊಡೆದ ಮೇಲೆ ಕನಿಷ್ಠ 24 ಗಂಟೆ ಆ ಸಾಲಿಗೆ ಯಾರನ್ನೂ ಇಳಿಸಬೇಡಿ. ಲೇಬಲ್ಲಿನಲ್ಲಿ ಹೆಚ್ಚು ದಿನ ಹೇಳಿದ್ದರೆ ಅಷ್ಟು ದಿನ ಬಿಡಿ. ಕಟಾವಿನ ಅವಸರ ನನಗೂ ಗೊತ್ತು, ಹರಾಜಿನ ರೇಟು ಕಾಯಲ್ಲ. ಅದಕ್ಕೇ ಇವತ್ತು ಕೀಳಿಸಿ, ನಾಳೆ ಹೊಡೆಯಿರಿ. ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಬಿಟ್ಟೇ ಮುಂದಿನ ಕೊಯ್ಲು ಮಾಡಿ. ಹೊಡೆದ ಬಟ್ಟೆಯನ್ನು ಮಕ್ಕಳ ಬಟ್ಟೆ ಜೊತೆ ನೆನೆಸಬೇಡಿ, ಗ್ಲೌಸ್ ಹಾಕಿಕೊಂಡು ಬೇರೆ ಬಕೆಟ್ಟಿನಲ್ಲಿ ಒಗೆಯಿರಿ. ಹೊಡೆದವನೇ ಒಗೆದರೆ ಇನ್ನೂ ಒಳ್ಳೇದು.