ಪೆಪ್ಟೈಡ್ ಕೊಳ್ಳುವ ಮುನ್ನ

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಕಿರುಸರಪಳಿ. ಅದನ್ನು ಸಂಶೋಧನೆಗೆಂದು ಕೊಂಡಾಗ ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆ ವಿಶ್ಲೇಷಣಾ ಪ್ರಮಾಣಪತ್ರದ ಸಂಖ್ಯೆಗೆ ಹೊಂದಬೇಕು. ಮಾಸ್ ಸ್ಪೆಕ್ಟ್ರಮ್ ಅಣುತೂಕವನ್ನು ತೋರಿಸುತ್ತದೆ, ಎಚ್‌ಪಿಎಲ್‌ಸಿ (ದ್ರವ ಕ್ರೊಮಟೊಗ್ರಫಿ ಪರೀಕ್ಷೆ) ಶುದ್ಧತೆಯನ್ನು. ಎರಡರ ಮೂಲ ನಕ್ಷೆಗಳನ್ನೂ ಕೇಳಿ ಪಡೆಯುವುದು ಒಳ್ಳೆಯದು. ಹಲವರು ಎಡವುವುದು ಮುಂದಿನ ಲೆಕ್ಕದಲ್ಲಿ. ಶುದ್ಧತೆ ಶೇ. 98 ಎಂದಿದ್ದರೂ ಪುಡಿಯ ತೂಕವೆಲ್ಲ ಪೆಪ್ಟೈಡ್ ಅಲ್ಲ. ಅದರಲ್ಲಿರುವ ನೀರು, ಲವಣಗಳು ಆ ಅಂಕಿಗೆ ಸೇರುವುದಿಲ್ಲ. ನಿಜವಾದ ಪೆಪ್ಟೈಡ್ ಅಂಶ ಶೇ. 70–80ರಷ್ಟೇ ಇರಬಹುದು. ಇದನ್ನು ಮರೆತರೆ ದ್ರಾವಣದ ಸಾಂದ್ರತೆ ತಪ್ಪಿ, ಪ್ರಯೋಗದ ಶ್ರಮವೆಲ್ಲ ವ್ಯರ್ಥ. ಒಣಪುಡಿಯನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಸೀಸೆ ಕೋಣೆಯ ಉಷ್ಣತೆಗೆ ಬಂದ ಮೇಲಷ್ಟೇ ಮುಚ್ಚಳ ತೆಗೆಯಬೇಕು, ಇಲ್ಲವಾದರೆ ತೇವ ಹಿಡಿಯುತ್ತದೆ. ‘ಸಂಶೋಧನೆಗೆ ಮಾತ್ರ’ ಎಂದಿರುವುದನ್ನು ಮೈಗೆ ಚುಚ್ಚಿಕೊಳ್ಳುವುದು ಸರ್ವಥಾ ಸಲ್ಲದು.