ಬ್ಯಾಂಕು ಲೆಕ್ಕದ ತಾಳೆಯಲ್ಲಿ ಇಮ್ಮಡಿ ನಮೂದುಗಳು

ರಾಗಿ ಹೊಲದಲ್ಲಿ ಕಳೆ ತೆಗೆದವರಿಗೆ ಕಾಡುರಾಗಿಯ ಪರಿಚಯ ಇದ್ದೇ ಇರುತ್ತದೆ. ತೆನೆ ಬರುವವರೆಗೆ ಅದು ಪೈರಿನಂತೆಯೇ ಕಾಣುತ್ತದೆ. ಅವಸರದಲ್ಲಿ ಕಿತ್ತರೆ ಪೈರು ಕೈಗೆ ಬಂದು ಕಳೆ ಹೊಲದಲ್ಲೇ ಉಳಿಯುತ್ತದೆ. ಬೇಸಾಯಶಾಸ್ತ್ರದ ಪಾಠ ಹೇಳುವ ನಾನು ಲೆಕ್ಕಪತ್ರದ ಬಗ್ಗೆ ಬರೆಯಲು ಹೊರಟಿರುವುದಕ್ಕೆ ಇಂತಹುದೇ ಒಂದು ಕಳೆ ಕಾರಣ.

ಬಯಲುಸೀಮೆಯ ಒಂದು ರೈತ ಉತ್ಪಾದಕ ಕಂಪನಿಗೆ ಬೆಳೆ ಸಲಹೆಗಾಗಿ ನಾನು ಆಗಾಗ ಹೋಗುವುದುಂಟು. ಸದಸ್ಯರಿಗೆ ಬೀಜ, ಗೊಬ್ಬರ ಒದಗಿಸುವುದು ಮತ್ತು ಅವರ ಶೇಂಗಾ ಕೊಂಡು ಮಾರುವುದು ಆ ಕಂಪನಿಯ ವ್ಯವಹಾರ. ಒಂದು ಅಕ್ಟೋಬರ್ ತಿಂಗಳ ನಿರ್ದೇಶಕರ ಸಭೆಯಲ್ಲಿ ಹಿರಿಯರೊಬ್ಬರು ಗೊಬ್ಬರದ ಸಗಟು ವ್ಯಾಪಾರಿಯ ಖಾತೆಯನ್ನು ಓದುತ್ತಾ, ರೂ. 1,08,000ದ ಒಂದೇ ಬಿಲ್ಲಿಗೆ ಎರಡು ಬಾರಿ ಹಣ ಸಂದಾಯವಾಗಿರುವುದನ್ನು ಕಂಡರು. “ಒಂದು ಸಲ ಇಳಿಸಿದ ಗೊಬ್ಬರಕ್ಕೆ ಎರಡು ಸಲ ದುಡ್ಡು ಹೋಗೈತಲ್ಲಮ್ಮ?” ಎಂದು ಲೆಕ್ಕ ಬರೆಯುವ ಹುಡುಗಿಯನ್ನು ಕೇಳಿದರು. ಆಕೆ ಅದೇ ಊರಿನ ವಾಣಿಜ್ಯ ಪದವೀಧರೆ. ಉತ್ತರ ತಿಳಿಯದೆ ಸುಮ್ಮನೆ ನಿಂತಳು. ಸಂಜೆಯ ಹೊತ್ತಿಗೆ ಊರಿನಲ್ಲಿ ಮಾತು ಹಬ್ಬಿತ್ತು. ಮರುದಿನ ಆಕೆಯ ತಂದೆ ಕಚೇರಿಯ ಬಾಗಿಲಿಗೆ ಬಂದು, “ಸಾಹೇಬ್ರೇ, ನೀವಾದರೂ ಒಂದು ಸಲ ನೋಡಿ” ಎಂದರು.

ಹಣ ಹೋಗಿದ್ದು ಒಂದೇ ಬಾರಿ. ಪುಸ್ತಕದಲ್ಲಿ ಬರೆದದ್ದು ಮಾತ್ರ ಎರಡು ಬಾರಿ. ಇದನ್ನು ಕಂಡುಹಿಡಿಯಲು ನಮಗೆ ಒಂದು ಇಡೀ ದಿನ ಹಿಡಿಯಿತು. ಕ್ರಮ ತಿಳಿದಿದ್ದರೆ ಒಂದು ಗಂಟೆಯ ಕೆಲಸ.

ಇಮ್ಮಡಿ ನಮೂದು ಹುಟ್ಟುವ ಬಗೆ

ಹಿಂದೆ ಕೈಯಲ್ಲಿ ಕಿರ್ದಿ ಬರೆಯುತ್ತಿದ್ದ ಕಾಲದಲ್ಲಿ ಒಂದು ವ್ಯವಹಾರ ಪುಸ್ತಕಕ್ಕೆ ಬರುವ ದಾರಿ ಒಂದೇ ಇತ್ತು, ಅದು ಬರೆಯುವವನ ಲೇಖನಿ. ಈಗ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎರಡು ದಾರಿಗಳಿವೆ. ಚೆಕ್ಕು ಬರೆದಾಗ ಅಥವಾ ರಶೀದಿ ಹರಿದಾಗ ನಾವೇ ನಮೂದಿಸುವುದು ಒಂದು. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಫೈಲಾಗಿ ಇಳಿಸಿಕೊಂಡು ಅದರ ಸಾಲುಗಳನ್ನು ನೇರವಾಗಿ ಪುಸ್ತಕಕ್ಕೆ ಸೇರಿಸುವುದು ಇನ್ನೊಂದು. ಎರಡು ದಾರಿಗಳನ್ನೂ ತೆರೆದಿಟ್ಟಾಗ ಒಂದೇ ವ್ಯವಹಾರ ಎರಡು ಬಾರಿ ಒಳಗೆ ಬರುವ ಸಂಭವವಿದೆ.

ಮೇಲಿನ ಪ್ರಸಂಗದಲ್ಲಿ ಆದದ್ದೂ ಇದೇ. ಸೆಪ್ಟೆಂಬರ್ 9ರಂದು ಚೆಕ್ಕು ಬರೆದಾಗ ಹುಡುಗಿ ಅದನ್ನು ನಮೂದಿಸಿದ್ದಳು, ಆದರೆ ಚೆಕ್ಕಿನ ಸಂಖ್ಯೆ ಬರೆದಿರಲಿಲ್ಲ. ಬ್ಯಾಂಕಿನಲ್ಲಿ ಚೆಕ್ಕು ಪಾಸಾದದ್ದು 12ರಂದು. ಫೈಲಿನಿಂದ ಬಂದ ಸಾಲಿನಲ್ಲಿ ದಿನಾಂಕ ಬೇರೆ, ವಿವರಣೆ ಬೇರೆ. ಯಂತ್ರಕ್ಕೆ ಎರಡೂ ಒಂದೇ ಎಂದು ತಿಳಿಯುವ ಗುರುತೇ ಇರಲಿಲ್ಲ, ಆದುದರಿಂದ ಎರಡನ್ನೂ ಇಟ್ಟುಕೊಂಡಿತು.

ಸ್ಟೇಟ್‌ಮೆಂಟಿನ ಅವಧಿ ಒಂದರ ಮೇಲೊಂದು ಬೀಳುವುದು ಎರಡನೆಯ ಕಾರಣ. 1ರಿಂದ 15ರವರೆಗಿನ ಫೈಲನ್ನು ಒಮ್ಮೆ ಸೇರಿಸಿ, ತಿಂಗಳ ಕೊನೆಗೆ 1ರಿಂದ 30ರವರೆಗಿನದನ್ನು ಮತ್ತೆ ಸೇರಿಸಿದರೆ ಮೊದಲ ಹದಿನೈದು ದಿನಗಳು ಎರಡು ಬಾರಿ ಬರುತ್ತವೆ. ಮೂರನೆಯದು ನಮ್ಮದೇ ಎರಡು ಖಾತೆಗಳ ನಡುವಿನ ವರ್ಗಾವಣೆ. ಸಾಲದ ಖಾತೆಯಿಂದ ಚಾಲ್ತಿ ಖಾತೆಗೆ ಹಣ ಹಾಕಿದರೆ ಅದು ಎರಡೂ ಸ್ಟೇಟ್‌ಮೆಂಟುಗಳಲ್ಲಿ ಕಾಣುತ್ತದೆ. ಎರಡನ್ನೂ ಪ್ರತ್ಯೇಕ ವ್ಯವಹಾರವೆಂದು ಸೇರಿಸಿದರೆ ಒಂದು ವರ್ಗಾವಣೆ ಎರಡಾಗುತ್ತದೆ. ಸಂಘಗಳಲ್ಲಿ ಈ ಮೂರನೆಯ ತಪ್ಪನ್ನು ನಾನು ಹೆಚ್ಚು ಕಂಡಿದ್ದೇನೆ.

ವ್ಯತ್ಯಾಸವನ್ನು ಬಿಡಿಸುವುದು

ಆ ಸೆಪ್ಟೆಂಬರ್ 30ರಂದು ಪುಸ್ತಕದಲ್ಲಿದ್ದ ಬ್ಯಾಂಕು ಶಿಲ್ಕು ರೂ. 2,47,640. ಸ್ಟೇಟ್‌ಮೆಂಟಿನಲ್ಲಿದ್ದುದು ರೂ. 3,41,222. ವ್ಯತ್ಯಾಸ ರೂ. 93,582. ಈ ಅಂಕಿ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿವೆ, 54ನ್ನು 45 ಎಂದು ಬರೆಯಲಾಗಿದೆ, ಎಂದು ಕಾಲೇಜಿನಲ್ಲಿ ಕಲಿತಿದ್ದ ಹುಡುಗಿ ಅದನ್ನೇ ಹುಡುಕುತ್ತಾ ಎರಡು ದಿನ ಕಳೆದಿದ್ದಳು. ಸೂತ್ರ ಸುಳ್ಳಲ್ಲ. ಆದರೆ ಒಂದೇ ಒಂದು ತಪ್ಪಿದ್ದಾಗ ಮಾತ್ರ ಅದು ದಾರಿ ತೋರಿಸುತ್ತದೆ. ಇಲ್ಲಿದ್ದದ್ದು ನಾಲ್ಕು ಬಾಬ್ತು.

ಮೊದಲನೆಯದು ಗೊಬ್ಬರದ ಚೆಕ್ಕು. ಎರಡು ಬಾರಿ ಖರ್ಚು ಬಿದ್ದುದರಿಂದ ಪುಸ್ತಕದ ಶಿಲ್ಕು ರೂ. 1,08,000ದಷ್ಟು ಕಡಿಮೆಯಾಗಿತ್ತು. ಎರಡನೆಯದು ಶೇಂಗಾ ಕೊಂಡ ವರ್ತಕರು ಯುಪಿಐ ಮೂಲಕ ಕಳುಹಿಸಿದ ರೂ. 24,500. ಅವಧಿ ಮೇಲೆಬಿದ್ದ ಫೈಲಿನ ಸಾಲುಗಳನ್ನು ಆಕೆ ಬಹುತೇಕ ಅಳಿಸಿದ್ದಳು, ಇದೊಂದು ಕಣ್ತಪ್ಪಿ ಉಳಿದಿತ್ತು. ಇದರಿಂದ ಶಿಲ್ಕು ಅಷ್ಟೇ ಹೆಚ್ಚಾಗಿತ್ತು. ಮೂರನೆಯದು, ಸದಸ್ಯರೊಬ್ಬರಿಗೆ ಕೊಟ್ಟ ರೂ. 10,200ರ ಚೆಕ್ಕು ಇನ್ನೂ ಬ್ಯಾಂಕಿಗೆ ಬಂದಿರಲಿಲ್ಲ. ನಾಲ್ಕನೆಯದು ಬ್ಯಾಂಕು ಹಿಡಿದುಕೊಂಡ ಶುಲ್ಕ ರೂ. 118, ಅದನ್ನು ಪುಸ್ತಕಕ್ಕೆ ಬರೆದಿರಲಿಲ್ಲ.

ಪುಸ್ತಕದ ಕಡೆಯಿಂದ ಲೆಕ್ಕ ಹಾಕಿದರೆ:
ಪುಸ್ತಕದ ಶಿಲ್ಕು ರೂ. 2,47,640
ಕೂಡಿಸಿ: ಇಮ್ಮಡಿ ಖರ್ಚು ರೂ. 1,08,000
ಕಳೆಯಿರಿ: ಇಮ್ಮಡಿ ಜಮಾ ರೂ. 24,500
ಕಳೆಯಿರಿ: ಬ್ಯಾಂಕು ಶುಲ್ಕ ರೂ. 118
ಸರಿಯಾದ ಶಿಲ್ಕು ರೂ. 3,31,022

ಬ್ಯಾಂಕಿನ ಕಡೆಯಿಂದ ರೂ. 3,41,222ರಲ್ಲಿ ಇನ್ನೂ ಪಾಸಾಗದ ರೂ. 10,200 ಕಳೆದರೆ ಅದೇ ರೂ. 3,31,022 ಬರುತ್ತದೆ. ಎರಡು ಕಡೆಯಿಂದಲೂ ಒಂದೇ ಅಂಕಿಗೆ ಬಂದು ನಿಂತ ಮೇಲೆಯೇ ತಾಳೆಯಾಯಿತೆಂದು ತಿಳಿಯಬೇಕು. ಪಾಸಾಗದ ಚೆಕ್ಕನ್ನು ಪುಸ್ತಕದಲ್ಲಿ ಮುಟ್ಟಬಾರದು, ಅದು ತಪ್ಪಲ್ಲ. ಚೆಕ್ಕಿಗೆ ಮೂರು ತಿಂಗಳ ಆಯುಷ್ಯವಿದೆ. ಆ ಅವಧಿ ಕಳೆದರೆ ಮಾತ್ರ ನಮೂದನ್ನು ಹಿಂದಕ್ಕೆ ತಿರುಗಿಸಿ, ಆ ಹಣವನ್ನು ಸದಸ್ಯರಿಗೆ ಕೊಡಬೇಕಾದ ಬಾಕಿಯೆಂದು ತೋರಿಸಬೇಕು.

ಎಲ್ಲರ ಕಣ್ಣು ಬಿದ್ದಿದ್ದು ಗೊಬ್ಬರದ ದೊಡ್ಡ ಮೊತ್ತದ ಮೇಲೆ. ಆದರೆ ಕಂಪನಿಗೆ ನಿಜವಾದ ಪೆಟ್ಟು ಬೀಳಬಹುದಾಗಿದ್ದುದು ಸಣ್ಣ ಮೊತ್ತದಿಂದ. ಶೇಂಗಾ ವರ್ತಕರು ಕೊಡಬೇಕಾಗಿದ್ದುದು ರೂ. 49,000. ಕೊಟ್ಟದ್ದು ಅದರ ಅರ್ಧ. ಪುಸ್ತಕ ಮಾತ್ರ ಬಾಕಿ ಇಲ್ಲವೆಂದು ಹೇಳುತ್ತಿತ್ತು, ಆದುದರಿಂದ ಯಾರೂ ಅವರನ್ನು ಕೇಳಿರಲಿಲ್ಲ. ಇಮ್ಮಡಿ ಖರ್ಚು ಗದ್ದಲ ಎಬ್ಬಿಸುತ್ತದೆ. ಇಮ್ಮಡಿ ಜಮಾ ಸದ್ದಿಲ್ಲದೆ ನಮ್ಮ ಬಾಕಿಯನ್ನು ತಿಂದುಹಾಕುತ್ತದೆ.

ಇಮ್ಮಡಿಯಂತೆ ಕಾಣುವ ನಿಜ ವ್ಯವಹಾರಗಳು

ಒಂದೇ ಮೊತ್ತ, ಒಂದೇ ದಿನಾಂಕ ಎಂದ ಮಾತ್ರಕ್ಕೆ ಇಮ್ಮಡಿಯೆಂದು ತೀರ್ಮಾನಿಸಬಾರದು. ಷೇರು ಹಣ ಕಟ್ಟುವ ದಿನ ಹತ್ತು ಸದಸ್ಯರು ತಲಾ ರೂ. 1,000 ಕಳುಹಿಸಿದರೆ ಹತ್ತು ಒಂದೇ ಬಗೆಯ ಸಾಲುಗಳು ಬರುತ್ತವೆ. ಅವುಗಳಲ್ಲಿ ಒಂಬತ್ತನ್ನು ಅಳಿಸಿದರೆ ಒಂಬತ್ತು ಜನರ ಹಕ್ಕನ್ನು ಅಳಿಸಿದಂತೆ. ಗುರುತು ಹಿಡಿಯಬೇಕಾದುದು ಉಲ್ಲೇಖ ಸಂಖ್ಯೆಯಿಂದ. ಯುಪಿಐ ವ್ಯವಹಾರಕ್ಕೆ 12 ಅಂಕಿಗಳ ಸಂಖ್ಯೆ ಇರುತ್ತದೆ. ನೆಫ್ಟ್ ಮತ್ತು ಆರ್‌ಟಿಜಿಎಸ್ ಪಾವತಿಗಳಿಗೆ ಯುಟಿಆರ್ ಎಂಬ ಸಂಖ್ಯೆ ಇರುತ್ತದೆ. ಚೆಕ್ಕಿಗೆ ಅದರದೇ ಸಂಖ್ಯೆ. ಸಂಖ್ಯೆ ಬೇರೆಯಾದರೆ ವ್ಯವಹಾರವೂ ಬೇರೆ.

ವಿಫಲವಾದ ಪಾವತಿಯೂ ಗೊಂದಲ ತರುತ್ತದೆ. ಹಣ ಖಾತೆಯಿಂದ ಕಡಿತವಾಗಿ, ಆ ಕಡೆಗೆ ತಲುಪದೆ, ಹಿಂದಿರುಗಿ, ಮತ್ತೆ ಕಳುಹಿಸಿದಾಗ ಸ್ಟೇಟ್‌ಮೆಂಟಿನಲ್ಲಿ ಮೂರು ಸಾಲುಗಳಿರುತ್ತವೆ. ಮೂರನ್ನೂ ಬರೆಯಬೇಕು. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯಂತೆ, ಯುಪಿಐ ಮೂಲಕ ಒಬ್ಬರ ಖಾತೆಗೆ ಕಳುಹಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನಕ್ಕೆ ರೂ. 100ರಂತೆ ಪರಿಹಾರ ಸಲ್ಲುತ್ತದೆ. ಅಂಗಡಿಯವರಿಗೆ ಮಾಡಿದ ಪಾವತಿಯಾದರೆ ಈ ಗಡುವು ಐದು ದಿನ. ಕಡಿತದ ಸಾಲನ್ನೇ ಇಮ್ಮಡಿಯೆಂದು ಅಳಿಸಿದವರಿಗೆ ಹಣ ಹಿಂದಿರುಗಿಲ್ಲವೆಂಬುದೇ ತಿಳಿಯುವುದಿಲ್ಲ.

ಇನ್ನೊಂದು ಸಂದರ್ಭವುಂಟು. ಅವಸರದಲ್ಲಿ ನಾವೇ ಎರಡು ಬಾರಿ ಹಣ ಕಳುಹಿಸಿಬಿಟ್ಟಿರಬಹುದು. ಆಗ ಸ್ಟೇಟ್‌ಮೆಂಟಿನಲ್ಲಿಯೂ ಎರಡು ಸಾಲು, ಎರಡು ಬೇರೆ ಸಂಖ್ಯೆಗಳಿರುತ್ತವೆ. ಇದು ಬರವಣಿಗೆಯ ತಪ್ಪಲ್ಲ, ಹಣ ನಿಜವಾಗಿಯೂ ಹೋಗಿದೆ. ಎರಡನೆಯದನ್ನು ವ್ಯಾಪಾರಿಯ ಖಾತೆಯಲ್ಲಿ ಮುಂಗಡವೆಂದು ಉಳಿಸಿಕೊಂಡು ವಾಪಸು ಕೇಳಬೇಕು. ಬ್ಯಾಂಕೇ ತಪ್ಪಾಗಿ ಎರಡು ಬಾರಿ ಕಡಿತ ಮಾಡಿದ್ದರೆ ಬ್ಯಾಂಕಿನಿಂದ ಬರಬೇಕಾದ ಬಾಕಿಯೆಂದು ತೋರಿಸಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಆದುದರಿಂದ ಅಳಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ಈ ನಮೂದಿಗೆ ಸ್ಟೇಟ್‌ಮೆಂಟಿನಲ್ಲಿ ತನ್ನದೇ ಆದ ಒಂದು ಸಾಲು ಇದೆಯೇ? ಇದ್ದರೆ ಮುಟ್ಟಬಾರದು. ಒಂದು ಸಾಲಿಗೆ ಪುಸ್ತಕದಲ್ಲಿ ಎರಡು ನಮೂದುಗಳು ಹಕ್ಕು ಹೇಳುತ್ತಿದ್ದರೆ ಮಾತ್ರ ಒಂದನ್ನು ತೆಗೆಯಬೇಕು.

ತೆಗೆಯುವ ಕ್ರಮ

ಮೊದಲು ಪುಸ್ತಕದ ಬ್ಯಾಕಪ್ ತೆಗೆದಿಟ್ಟುಕೊಳ್ಳಬೇಕು. ಬಳಿಕ ಹಿಂದೆ ಯಾವ ದಿನಾಂಕದವರೆಗೆ ತಾಳೆಯಾಗಿತ್ತು ಎಂಬುದನ್ನು ನೋಡಿ, ಅಲ್ಲಿನ ಆರಂಭಿಕ ಶಿಲ್ಕು ಎರಡೂ ಕಡೆ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು. ಬುಡವೇ ತಪ್ಪಿದ್ದರೆ ಈ ತಿಂಗಳಲ್ಲಿ ಎಷ್ಟು ಹುಡುಕಿದರೂ ಫಲವಿಲ್ಲ. ಅನಂತರ ಬ್ಯಾಂಕು ಖಾತೆಯ ನಮೂದುಗಳನ್ನು ದಿನಾಂಕದ ಕ್ರಮದಲ್ಲಲ್ಲ, ಮೊತ್ತದ ಕ್ರಮದಲ್ಲಿ ಜೋಡಿಸಿ ನೋಡಬೇಕು. ಒಂದೇ ಮೊತ್ತದವು ಪಕ್ಕಪಕ್ಕಕ್ಕೆ ಬಂದು ನಿಲ್ಲುತ್ತವೆ. ನಮ್ಮ ಒಂದು ದಿನದ ಹುಡುಕಾಟ ಮುಗಿದದ್ದು ಇದನ್ನು ಮಾಡಿದ ಹತ್ತು ನಿಮಿಷದಲ್ಲಿ.

ಎರಡರಲ್ಲಿ ಯಾವುದನ್ನು ಉಳಿಸಬೇಕು? ಬಿಲ್ಲಿನ ಸಂಖ್ಯೆಗೆ ಜೋಡಿಸಿರುವ, ಸರಿಯಾದ ವ್ಯಾಪಾರಿಯ ಹೆಸರಿನಲ್ಲಿರುವ ನಮೂದನ್ನು ಉಳಿಸಬೇಕು. ಸಾಮಾನ್ಯವಾಗಿ ಇದು ಕೈಯಿಂದ ಬರೆದದ್ದೇ ಆಗಿರುತ್ತದೆ. ಫೈಲಿನಿಂದ ಬಂದದ್ದು ಅನೇಕ ವೇಳೆ ಅನಾಮತ್ತು ಖಾತೆಯಲ್ಲಿ ಬಿದ್ದಿರುತ್ತದೆ. ಉಳಿಸಿಕೊಂಡದ್ದಕ್ಕೆ ಚೆಕ್ಕಿನ ಸಂಖ್ಯೆಯನ್ನೂ ಬ್ಯಾಂಕಿನಲ್ಲಿ ಪಾಸಾದ ದಿನಾಂಕವನ್ನೂ ತುಂಬಿ, ಇನ್ನೊಂದನ್ನು ತೆಗೆಯಬೇಕು. ಟ್ಯಾಲಿಯಂತಹ ಸಾಫ್ಟ್‌ವೇರ್‌ಗಳಲ್ಲಿ ಅಳಿಸುವುದು ಬೇರೆ, ರದ್ದುಪಡಿಸುವುದು ಬೇರೆ. ರದ್ದುಪಡಿಸಿದರೆ ಮೊತ್ತ ಹೋದರೂ ವೋಚರಿನ ಸಂಖ್ಯೆ ಉಳಿಯುತ್ತದೆ. ನಾನು ರದ್ದುಪಡಿಸುವುದನ್ನೇ ಹೇಳುತ್ತೇನೆ, ಕಾರಣವನ್ನು ಒಂದು ಸಾಲಿನಲ್ಲಿ ಅಲ್ಲಿಯೇ ಬರೆದಿಡಬಹುದು.

ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವಂತಿರಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರೈತ ಉತ್ಪಾದಕ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ತಿದ್ದಿದ್ದು ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುತ್ತದೆಂದು ಹೆದರಬೇಕಾಗಿಲ್ಲ. ಕಾರಣ ಬರೆದಿದ್ದರೆ ಆ ಜಾಡೇ ಬರೆದವರ ಪರ ಸಾಕ್ಷಿ. ಆದರೆ ಲೆಕ್ಕಪರಿಶೋಧನೆ ಮುಗಿದ ವರ್ಷದಲ್ಲಿ ಇಮ್ಮಡಿ ಕಂಡುಬಂದರೆ ಆ ವರ್ಷವನ್ನು ಮುಟ್ಟದೆ, ಲೆಕ್ಕಪರಿಶೋಧಕರನ್ನು ಕೇಳಿ ಈ ವರ್ಷದಲ್ಲಿ ಸರಿಪಡಿಸುವ ನಮೂದು ಹಾಕತಕ್ಕದ್ದು.

ವ್ಯತ್ಯಾಸದ ಮೊತ್ತವನ್ನೇ “ಹೊಂದಾಣಿಕೆ” ಎಂದು ಬರೆದು ತಾಳೆ ಮಾಡಿಬಿಡುವ ಪದ್ಧತಿ ಕೆಲವೆಡೆ ಇದೆ. ಹಾಗೆ ಮಾಡಿದ್ದರೆ ಈ ಕಂಪನಿಯಲ್ಲಿ ರೂ. 93,582 ಎಂಬ ಒಂದು ಅರ್ಥವಿಲ್ಲದ ಆದಾಯ ಹುಟ್ಟುತ್ತಿತ್ತು. ಗೊಬ್ಬರದವರ ಖಾತೆಯಲ್ಲಿ ಹುಡುಗಿಯ ಮೇಲಿನ ಅನುಮಾನ ಹಾಗೆಯೇ ಉಳಿಯುತ್ತಿತ್ತು, ವರ್ತಕರ ಬಾಕಿಯೂ ಮುಳುಗುತ್ತಿತ್ತು.

ಒಂಟಿ ರೈತರ ಲೆಕ್ಕದಲ್ಲಿ

ಕಂಪ್ಯೂಟರ್ ಇಲ್ಲದ ರೈತರಿಗೂ ಇದು ಅನ್ವಯಿಸುತ್ತದೆ. ಮೊಬೈಲಿಗೆ ಸಂದೇಶ ಬಂದಾಗ ಒಮ್ಮೆ, ಪಾಸ್‌ಬುಕ್ ಬರೆಸಿದಾಗ ಇನ್ನೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯುವವರುಂಟು. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ ಕಟ್ಟಿದ ಕಂತು ಹೀಗೆ ಎರಡು ಬಾರಿ ಬಿದ್ದರೆ ಸಾಲ ತೀರಿತೆಂದು ರೈತರು ನಿಶ್ಚಿಂತರಾಗುತ್ತಾರೆ, ಗಡುವು ಮೀರುತ್ತದೆ. 2024–25 ಮತ್ತು 2025–26ನೇ ಸಾಲುಗಳಲ್ಲಿ ಈ ಯೋಜನೆಯ ರೂ. 3 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲದ ಬಡ್ಡಿ ಶೇಕಡ 7 ಇದ್ದು, ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಶೇಕಡ 3ರ ರಿಯಾಯಿತಿ ಇತ್ತು. ಮೂರು ಲಕ್ಷದ ಸಾಲಕ್ಕೆ ವರ್ಷಕ್ಕೆ ಇದು ರೂ. 9,000. ಸಂದೇಶ ಬಂದಾಗ ನೋಟ್‌ಬುಕ್ಕಿನಲ್ಲಿ ಮೊತ್ತದ ಜೊತೆ ಉಲ್ಲೇಖ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆಯಿರಿ. ಪಾಸ್‌ಬುಕ್ ಬಂದಾಗ ಹೊಸದಾಗಿ ಬರೆಯದೆ, ಇರುವ ಸಾಲಿನ ಮುಂದೆ ಸರಿ ಗುರುತು ಹಾಕಿದರೆ ಸಾಕು. ಗಡುವಿಗೆ ಹದಿನೈದು ದಿನ ಮೊದಲು ಬ್ಯಾಂಕಿಗೆ ಹೋಗಿ ಉಳಿದ ಬಾಕಿಯನ್ನು ಬರೆಸಿಕೊಂಡು ಬರುವುದು ಒಳ್ಳೆಯದು.

ಆ ಕಂಪನಿಯವರು ಗೊಬ್ಬರದ ವ್ಯಾಪಾರಿಯಿಂದ ಸೆಪ್ಟೆಂಬರ್ 30ರ ಶಿಲ್ಕಿನ ದೃಢೀಕರಣ ಪತ್ರ ತರಿಸಿದರು. ಒಂದೇ ಪಾವತಿ ಬಂದಿದೆ, ಬಾಕಿ ಇಲ್ಲ ಎಂದು ಅದರಲ್ಲಿತ್ತು. ಮುಂದಿನ ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಹಿರಿಯ ನಿರ್ದೇಶಕರೇ ಅದನ್ನು ಗಟ್ಟಿಯಾಗಿ ಓದಿ, “ನಮ್ಮ ಕೂಸಿನದೇನೂ ತಪ್ಪಿಲ್ಲ ಕಣ್ರಪ್ಪ” ಎಂದರು. ಶೇಂಗಾ ವರ್ತಕರು ಉಳಿದ ರೂ. 24,500ನ್ನು ದೀಪಾವಳಿಗೆ ಮುಂಚೆ ಕಳುಹಿಸಿದರು. ಈಗ ಆ ಕಚೇರಿಯಲ್ಲಿ ಪ್ರತಿ ಚೆಕ್ಕಿನ ಸಂಖ್ಯೆಯನ್ನೂ ಬರೆದ ದಿನವೇ ನಮೂದಿಸುತ್ತಾರೆ, ಬ್ಯಾಂಕಿನ ಫೈಲನ್ನು ತಿಂಗಳಿಗೆ ಒಂದೇ ಬಾರಿ ಸೇರಿಸುತ್ತಾರೆ.