ಬರ್ನ್ ಗುಂಡಿ ಒತ್ತುವ ಮುಂಚೆ

ನೋಡಮ್ಮಾ, ಲ್ಯಾಬಿನ ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಲು ಹೊರಟಿದ್ದೀಯಂತೆ. ಸಂತೋಷ. ಮೇಷ್ಟರ ಕೆಲಸದಲ್ಲಿದ್ದಾಗ ನಾನೂ ಅದಕ್ಕೆ ಕೈಹಾಕಿ, ಮೊದಲ ಆರು ಡಿಸ್ಕ್ ಹಾಳುಮಾಡಿದ್ದೆ. ಇಳಿಸಿಕೊಂಡ ಐಎಸ್‌ಒ ಫೈಲನ್ನು ಹಾಡು, ಫೋಟೊ ಹಾಕಿದ ಹಾಗೆ ಡಿಸ್ಕಿಗೆ ಕಾಪಿ ಮಾಡಿಬಿಟ್ಟಿದ್ದೆ. ಕಂಪ್ಯೂಟರು ಅದನ್ನು ಮೂಸಿಯೂ ನೋಡಲಿಲ್ಲ. ಆ ಆರೂ ಡಿಸ್ಕುಗಳು ನಮ್ಮ ಜೋಳದ ಹೊಲದಲ್ಲಿ ದಾರಕ್ಕೆ ನೇತಾಡಿ ಗಿಳಿ ಓಡಿಸಿದವು, ಅಷ್ಟು ಪುಣ್ಯ.

ಐಎಸ್‌ಒ ಅಂದರೆ ಇಡೀ ಡಿಸ್ಕಿನ ಪಡಿಯಚ್ಚು. ಬೂಟ್ ಆಗುವ ಭಾಗವೂ ಅದರೊಳಗೇ ಇರುತ್ತದೆ, ಹಾಗಾಗಿ ಅದನ್ನು ಇಮೇಜ್ ಆಗಿಯೇ ಬರೆಯಬೇಕು. ವಿಂಡೋಸ್ 7ರಿಂದ ಈಚೆಗೆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ‘ಬರ್ನ್ ಡಿಸ್ಕ್ ಇಮೇಜ್’ ಸಿಗುತ್ತದೆ. ಬರೆದಾದ ಮೇಲೆ ಡಿಸ್ಕ್ ತೆರೆದು ನೋಡು: ಒಂಟಿ ಐಎಸ್‌ಒ ಫೈಲ್ ಕೂತಿದ್ದರೆ ನನ್ನ ದಾರಿಯನ್ನೇ ಹಿಡಿದಿದ್ದೀಯ. ಫೋಲ್ಡರುಗಳು ಕಂಡರೆ ಸರಿ.

ಅದಕ್ಕೂ ಮುಂಚಿನ ಕೆಲಸವನ್ನು ಯಾರೂ ಮಾಡುವುದಿಲ್ಲ, ನೀನು ಮಾಡು. ಶಾಲೆಯ ಇಂಟರ್‌ನೆಟ್ಟು ನಡುವೆ ಕೈಕೊಟ್ಟರೆ ಫೈಲ್ ಪೂರ್ತಿ ಇಳಿದ ಹಾಗೆ ಕಂಡರೂ ಒಳಗೆ ಕೆಟ್ಟಿರಬಹುದು. ಡೌನ್‌ಲೋಡ್ ಪುಟದಲ್ಲಿ 64 ಅಕ್ಷರ, ಅಂಕಿಗಳ ಒಂದು ಸಾಲು ಇರುತ್ತದೆ, ಎಸ್‌ಎಚ್‌ಎ 256 ಅಂತ. ನಿನ್ನ ಫೈಲಿನದನ್ನೂ ತೆಗೆದು ತಾಳೆ ನೋಡು. ಅದಕ್ಕೆ ಬೇಕಾದ ಸರ್ಟ್‌ಯುಟಿಲ್ ವಿಂಡೋಸಿನಲ್ಲೇ ಇದೆ. ಒಂದು ಅಕ್ಷರ ಬೇರೆಯಾದರೂ ಮತ್ತೆ ಇಳಿಸಿಕೋ. ಇಲ್ಲದಿದ್ದರೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತು, ಮಕ್ಕಳೆದುರು ನೀನು ಕಂಪ್ಯೂಟರನ್ನೇ ಬೈಯುತ್ತೀಯ.

ಯಾವ ಲಿನಕ್ಸ್ ಅನ್ನುವುದನ್ನು ಅಳತೆ ನೋಡಿ ಆರಿಸು. ಉಬುಂಟು 12.04 ಒಂದು ಸೀಡಿಯಲ್ಲಿ, ಅಂದರೆ 700 ಎಂಬಿಯಲ್ಲಿ ಹಿಡಿಯುತ್ತಿತ್ತು. 24.04 ಈಗ 4.7 ಜಿಬಿ ಡಿವಿಡಿಗೂ ಹಿಡಿಯದು. ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಆರಾಮಾಗಿ ಕೂರುತ್ತದೆ, ಹಳೇ ಯಂತ್ರಕ್ಕೂ ಹಗುರ. ಆದರೆ 64 ಬಿಟ್ ಪ್ರೊಸೆಸರ್ ಹೌದೋ ಅಲ್ಲವೋ ಮೊದಲೇ ನೋಡಿಕೋ. ಬರೆಯುವಾಗ ವೇಗ ಕಡಿಮೆ ಇಡು, ಯುಪಿಎಸ್ ಇರುವ ಕಂಪ್ಯೂಟರಿನಲ್ಲೇ ಬರೆ. ನಡುವೆ ಕರೆಂಟ್ ಹೋದರೆ ಇನ್ನೊಂದು ಡಿಸ್ಕ್ ಹೊಲಕ್ಕೆ.

ಡಿಸ್ಕ್ ಹಾಕಿದ ತಕ್ಷಣ ಇನ್‌ಸ್ಟಾಲ್ ಒತ್ತಬೇಡ. ಮಿಂಟು ಡಿಸ್ಕಿನಿಂದಲೇ ಓಡುತ್ತದೆ. ಶಬ್ದ, ಪ್ರಿಂಟರು, ನೆಟ್ಟು ಎಲ್ಲ ನೋಡಿಕೊಂಡು ಆಮೇಲೆ ಮುಂದುವರಿ. ಆಫೀಸಿನ ಕಂಪ್ಯೂಟರನ್ನಂತೂ ಮುಟ್ಟಲೇಬೇಡ. ಹಳೇ ಅಂಕಪಟ್ಟಿಗಳೆಲ್ಲ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾಗಿದ್ದರೆ, ಯುನಿಕೋಡಿಗೆ ತಿರುಗಿಸದೆ ಬೇರೆಡೆ ತೆರೆದಾಗ ಕನ್ನಡದ ಬದಲು ಕಲಸುಮೇಲೋಗರ ಕಾಣುತ್ತದೆ. ಗುಮಾಸ್ತರು ನಿನ್ನನ್ನು ವರ್ಗವಾಗುವ ತನಕ ಮರೆಯುವುದಿಲ್ಲ.

ಖಾಲಿ ಡಿವಿಡಿಗಾಗಿ ಪೇಟೆಯೆಲ್ಲ ಅಲೆಯಬೇಡ, ಈಗ ಅಂಗಡಿಯವರು ಅದನ್ನು ಇಡುವುದೇ ಅಪರೂಪ. ನನ್ನ ಬೀರುವಿನಲ್ಲಿ ಒಂದಿಷ್ಟು ಉಳಿದಿವೆ, ಭಾನುವಾರ ಬಂದು ತೆಗೆದುಕೊಂಡು ಹೋಗು.